ಅಂಚಿನಲ್ಲಿ ಬರೆದ ಸಾಲು

ದಬ್ಬೇಘಟ್ಟದಿಂದ ಮಾತಾಡ್ತಿದ್ದೀನಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ಸೀಮೆಯವರು, ಊರಲ್ಲಿರೋರು, ಬೆಂಗಳೂರು ಸೇರಿರೋರು, ಎಲ್ಲರ ಹತ್ರನೂ ಇವತ್ತು ಒಂದು ಕೆಲಸ ಮಾಡಿಸ್ಬೇಕು ಅಂತಿದ್ದೀನಿ. ನಿಮ್ಮನ್ನ ಬೆಳೆಸಿದ ಯಾರಾದ್ರೂ ಒಬ್ಬರಿಗೆ, ಅವರು ಬದುಕಿರೋವಾಗ್ಲೇ, ಮನಸ್ಸಿಟ್ಟು ಒಂದು ಕಾಗದ ಬರೀಬೇಕು.

"ದಿನಾ ಫೋನ್ ಮಾಡ್ತೀವಲ್ಲ" ಅಂತೀರಿ. ಮಾಡ್ತೀರಿ, ಸರಿ. ಏನು ಮಾತಾಡ್ತೀರಿ? ಊಟ ಆಯ್ತಾ, ಮಳೆ ಬಂತಾ, ಬೋರ್‌ನಲ್ಲಿ ನೀರು ಹೆಂಗಿದೆ, ಕೊಬ್ಬರಿ ರೇಟು ಎಲ್ಲಿಗೆ ಬಂತು. ಅಪ್ಪನ ಜೊತೆ ಆದ್ರೆ ಅದೂ ಇಲ್ಲ. "ಇರು, ಅಮ್ಮಂಗೆ ಕೊಡ್ತೀನಿ" ಅಂದ್ರೆ ಮುಗೀತು. ನಮ್ಮ ಕಡೆ ಪ್ರೀತಿನ ಬಾಯಿಬಿಟ್ಟು ಹೇಳೋ ರೂಢಿ ಇಲ್ಲ. ಎದುರಿಗೆ ನಿಂತ್ರೆ ಗಂಟಲು ಕಟ್ಟುತ್ತೆ. ಕಾಗದದಲ್ಲಿ ಆ ಕಷ್ಟ ಇಲ್ಲ. ಬರೆಯೋರ ಮುಖ ಓದೋರಿಗೆ ಕಾಣಲ್ಲ, ಓದೋರು ಕಣ್ಣೊರೆಸಿಕೊಂಡಿದ್ದು ಬರೆದೋರಿಗೆ ಗೊತ್ತಾಗಲ್ಲ.

ಹಳೇ ತೊಟ್ಟಿಮನೆಗಳಲ್ಲಿ ತೊಲೆಗೆ ಒಂದು ಬಗ್ಗಿಸಿದ ತಂತಿ ನೇತಾಕಿರೋರು. ಬಂದ ಕಾಗದನೆಲ್ಲ ಅದಕ್ಕೆ ಚುಚ್ಚಿಡೋದು. ಮದುವೆ ಕಾಗದದ ಮೂಲೆಗೆ ಅರಿಶಿನ ಇರೋದು. ಸಾವಿನ ಸುದ್ದಿ ತಂದ ಕಾರ್ಡನ್ನ ಓದಿ ಹೊರಗೇ ಹರಿದು ಹಾಕೋರು, ಒಳಗೆ ತರ್ತಿರಲಿಲ್ಲ. ಆ ತಂತಿಯಿಂದ ಒಂದು ಇನ್‌ಲ್ಯಾಂಡ್ ಬಿಡಿಸಿ ನೋಡಿ. ತೀರ್ಥರೂಪು ತಂದೆಯವರಿಗೆ ಸಾಷ್ಟಾಂಗ ನಮಸ್ಕಾರಗಳು, ಇತ್ತ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು. ಇಷ್ಟು ಎಲ್ಲರ ಮನೆ ಕಾಗದದಲ್ಲೂ ಒಂದೇ. ಎಷ್ಟೋ ಸಲ ಹೇಳೋರು ಬೇರೆ, ಬರೆಯೋರು ಬೇರೆ. ಓದು ಬಾರದ ತಾಯಿ ಜಗಲಿ ಮೇಲೆ ಕೂತು ಹೇಳೋಳು, ಪಕ್ಕದ ಮನೆ ಹುಡುಗ ಬರೆಯೋನು. ಜಾಗ ಎಲ್ಲಾ ಮುಗಿದ ಮೇಲೆ, ಅಂಟು ಹಾಕಿ ಮಡಿಸೋ ಪಟ್ಟಿ ಪಕ್ಕದಲ್ಲಿ, ಅಡ್ಡಡ್ಡ, ಸಣ್ಣ ಅಕ್ಷರದಲ್ಲಿ ಒಂದು ಸಾಲು ತುರುಕಿರೋನು: "ನೀನು ಸಾಕಿದ ಕೆಂದ ಹಸು ಕರು ಹಾಕಿದೆ. ಗಿಣ್ಣು ಕಾಸಿದಾಗ ನೀನು ಇಲ್ಲವಲ್ಲ ಅನ್ನಿಸಿತು." ಗಂಡನ ಮನೆಯಲ್ಲಿದ್ದ ಮಗಳು ಮತ್ತೆ ಮತ್ತೆ ಓದ್ತಿದ್ದದ್ದು ಆ ಸಾಲನ್ನ.

ನಾನು ಹೇಳ್ತಿರೋ ಕಾಗದ ಆ ಸಾಲಿಂದಲೇ ಶುರುವಾಗ್ಬೇಕು.

"ನೀವು ನನಗೆ ತುಂಬಾ ಸಹಾಯ ಮಾಡಿದ್ದೀರಿ" ಅಂತ ಬರೆದ್ರೆ ಓದೋರಿಗೆ ಏನೂ ಸಿಗಲ್ಲ. ಹೀಗೆ ಬರೀರಿ: "ಅಪ್ಪಾ, ನನ್ನ ಪಿಯುಸಿ ಫೀಸಿಗೆ ಅಂತ ನೀವು ಅಟ್ಟದ ಮೇಲಿನ ಕೊಬ್ಬರಿನ ರೇಟು ಬಿದ್ದಿದ್ದಾಗ್ಲೇ ಮಾರಿದ್ರಿ." ಕಾಯಿ ಅಟ್ಟಕ್ಕೆ ಹಾಕಿ, ಒಳಗಿನ ನೀರು ಬತ್ತಿ ಉಂಡೆ ಕೊಬ್ಬರಿ ಆಗೋಕೆ ಹತ್ತು ಹನ್ನೊಂದು ತಿಂಗಳು ಬೇಕು. ಅಷ್ಟು ಕಾದಿದ್ದನ್ನ ನಷ್ಟಕ್ಕೆ ಕೊಡೋದು ಅಂದ್ರೆ ಏನು ಅಂತ ಹದಿನಾರು ವಯಸ್ಸಿನ ಹುಡುಗನಿಗೆ ಎಲ್ಲಿ ಗೊತ್ತಾಗುತ್ತೆ? ಪೆನ್ನು ಹಿಡಿದು ಕೂತಾಗ ಗೊತ್ತಾಗುತ್ತೆ. ಕಾಗದ ಬರೆಯೋರಿಗೇ ಮೊದಲು ಲಾಭ ಅಂತ ನಾನು ಹೇಳೋದು ಇದಕ್ಕೇ. ಯಾರು ನಮಗೋಸ್ಕರ ಏನು ಬಿಟ್ಟುಕೊಟ್ರು ಅನ್ನೋದು ಫೋನಿನ ಮಾತಲ್ಲಿ ಹೊಳೆಯಲ್ಲ. ವಾಕ್ಯ ಕಟ್ಟೋಕೆ ಹೋದಾಗ ಒಂದೊಂದೇ ನೆನಪಿಗೆ ಬರುತ್ತೆ.

"ಏನಂದುಕೊಳ್ತಾರೋ, ನನಗೆ ಚೆನ್ನಾಗಿ ಬರೆಯೋಕೆ ಬರಲ್ಲ" ಅನ್ನೋ ಅಳುಕು ಎಲ್ಲರಿಗೂ ಇದೆ. ಅಮಿತ್ ಕುಮಾರ್, ನಿಕೊಲಸ್ ಎಪ್ಲಿ ಅನ್ನೋ ಇಬ್ಬರು ಸಂಶೋಧಕರು ಅಮೆರಿಕದಲ್ಲಿ ಇದನ್ನೇ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದ್ರು. ಜನರಿಂದ ಕೃತಜ್ಞತೆಯ ಪತ್ರ ಬರೆಸಿ, ಬರೆದೋರನ್ನೂ ಪತ್ರ ತಲುಪಿದೋರನ್ನೂ ಕೇಳಿದ್ರು. ಓದೋರಿಗೆ ಮುಜುಗರ ಆಗಬಹುದು ಅಂತ ಬರೆದೋರು ಅಂದಾಜು ಮಾಡಿದ್ದಷ್ಟು ಮುಜುಗರ ಅವರಿಗೆ ಆಗಿರಲಿಲ್ಲ. ಸಂತೋಷ ಮಾತ್ರ ಅಂದಾಜಿಗಿಂತ ಹೆಚ್ಚಾಗಿತ್ತು. ಬರೆಯೋರು ಪದ ಸರಿಯಿದೆಯಾ ಅಂತ ಒದ್ದಾಡಿದ್ರು, ಓದೋರು ನೋಡಿದ್ದು ಅಕ್ಕರೆನ.

ಅಮ್ಮನಿಗೆ ಓದೋಕೆ ಬರಲ್ಲವಾ? ಪಕ್ಕದಲ್ಲಿ ಕೂತು ನೀವೇ ಓದಿ. ಮಾರ್ಟಿನ್ ಸೆಲಿಗ್ಮನ್ ಅನ್ನೋ ಸಂಶೋಧಕ ಮತ್ತು ಜೊತೆಗಾರರ 2005ರ ಅಧ್ಯಯನದಲ್ಲಿ ಇಂಥ ಪತ್ರ ಬರೆದು ತಾವೇ ಹೋಗಿ ಕೊಟ್ಟವರಿಗೆ ಅದರ ಸಂತೋಷ ಒಂದು ತಿಂಗಳವರೆಗೂ ಉಳಿದಿತ್ತು. ಒಂದು ತಿಂಗಳು ಕಮ್ಮಿ ಅಂತೀರಾ? ನನಗಂತೂ ಬಹಳ ಅನ್ನಿಸುತ್ತೆ.

ಒಂದು ಎಚ್ಚರಿಕೆ. ಈ ಕಾಗದದಲ್ಲಿ ಜಮೀನು ಭಾಗದ ಮಾತು, ಸಾಲದ ಮಾತು, "ಅದೊಂದು ಕೆಲಸ ಮಾಡಿಕೊಡಿ" ಅನ್ನೋದು ಯಾವುದೂ ಬೇಡ. ಮಾತು ಬಿಟ್ಟಿರೋ ಅಣ್ಣತಮ್ಮಂದಿರೂ ಬರೀಬಹುದು. ಎದುರಾಬದುರಾ ಕೂತ್ರೆ ಎರಡನೇ ಮಾತಿಗೇ ಒಬ್ಬರು ಎದ್ದು ಹೋಗ್ತಾರೆ, ಕಾಗದವನ್ನ ಕೊನೇವರೆಗೂ ಓದ್ತಾರೆ.

2013ರ ಜುಲೈನಲ್ಲಿ ಟೆಲಿಗ್ರಾಂ ನಿಂತುಹೋಯ್ತು, ಕಾಗದ ನಿಂತಿಲ್ಲ. ಮಕ್ಕಳಿಗೆ ರೂಢಿ ಮಾಡಿಸ್ಬೇಕು ಅಂದ್ರೆ ಅಂಚೆ ಇಲಾಖೆಯವರು 'ಢಾಯಿ ಆಖರ್' ಅಂತ ಪತ್ರ ಬರೆಯೋ ಸ್ಪರ್ಧೆ ನಡೆಸ್ತಾರೆ. ಕೈಬರಹದಲ್ಲೇ ಇರ್ಬೇಕು, ಕನ್ನಡದಲ್ಲೂ ಬರೀಬಹುದು. ನಿಮ್ಮ ಕಾಗದಕ್ಕೆ ವಿಳಾಸ ಬರೆಯೋವಾಗ ಪಿನ್ ಕೋಡಿನ ಜೊತೆ ಅಂಚೆ, ಹೋಬಳಿ, ತಾಲ್ಲೂಕು ಮೂರನ್ನೂ ಹಾಕಿ. ಒಂದೇ ಹೆಸರಿನ ಹಳ್ಳಿಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ.