ಸುಸ್ತು ಯಾರಿಗೆ ಬೇಗ?



ಮಾವಿನ ಕಾಲ ಬಂತೆಂದರೆ ಕೃಷ್ಣಗಿರಿ ಕಡೆಯ ತೋಪುಗಳಲ್ಲಿ ನಾವು ಒಂದು ಮಾತು ಕೇಳುತ್ತೇವೆ: “ಹೆಂಗಸರಿಗೆ ಬೇಗ ಸುಸ್ತಾಗುತ್ತದೆ, ಅದಕ್ಕೇ ಕೂಲಿ ಕಡಿಮೆ.” ನಾವು ಗಂಡಸರೂ ಇದಕ್ಕೆ ತಲೆಯಾಡಿಸುತ್ತೇವೆ.

ಈ ಮಾತನ್ನು ತೂಗಿ ನೋಡೋಣ. 20 ಕಿಲೋ ಹಣ್ಣಿನ ಕುಕ್ಕೆ ಎನ್ನಿ. 40 ಕಿಲೋ ಎತ್ತಬಲ್ಲ ಗಂಡಸಿಗೆ ಅದು ಅರ್ಧ ಬಲದ ಕೆಲಸ. 25 ಕಿಲೋ ಎತ್ತಬಲ್ಲ ಹೆಂಗಸಿನಿಂದ ಅದೇ ಕುಕ್ಕೆ ಐದರಲ್ಲಿ ನಾಲ್ಕು ಪಾಲು ಬಲ ಕೇಳುತ್ತದೆ. ಅವಳು ಮೊದಲು ದಣಿದರೆ ಆಶ್ಚರ್ಯವೇನು? ಇಬ್ಬರಿಗೂ ಅವರವರ ಬಲದ ಕಾಲು ಪಾಲಿನಷ್ಟೇ ಹೊರೆ ಕೊಟ್ಟು ಹಿಡಿದು ನಿಲ್ಲಿಸಿದರೆ ಸಾಮಾನ್ಯವಾಗಿ ಹೆಂಗಸೇ ಹೆಚ್ಚು ಹೊತ್ತು ತಾಳುತ್ತಾಳೆ. ಇದು ಪರೀಕ್ಷೆ ಮಾಡಿ ಕಂಡದ್ದು.

ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಹಿಂಡುತ್ತದೆ. ದೊಡ್ಡ ಸ್ನಾಯು ಹೆಚ್ಚು ಹಿಂಡಿ, ರಕ್ತ ಸಾಲದೆ ಬೇಗ ಸೋಲುತ್ತದೆ. ನಿಧಾನವಾಗಿ ದುಡಿದು ತಡವಾಗಿ ದಣಿಯುವ ಎಳೆಗಳ ಪಾಲೂ ಹೆಂಗಸರಲ್ಲಿ ಸಾಮಾನ್ಯವಾಗಿ ಹೆಚ್ಚು. ಚುರುಕಿನ ಕೆಲಸದಲ್ಲಿ ಈ ವ್ಯತ್ಯಾಸ ಕುಗ್ಗುತ್ತದೆ, ನಿಜ.

ಆದರೆ ಗಂಟೆಗಟ್ಟಲೆ ಬಗ್ಗಿ ಕಳೆ ಕೀಳುವುದು, ಹೊಸೂರಿನ ಗುಲಾಬಿ ತೋಟದಲ್ಲಿ ನಿಂತೇ ಹೂ ಕತ್ತರಿಸುವುದು ಯಾವ ಬಗೆಯ ಕೆಲಸ? (ಸಂಜೆ ಮನೆಯ ನೀರು, ಸೌದೆ ಲೆಕ್ಕಕ್ಕೇ ಇಲ್ಲ.) ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಎಂದು 1976ರ ಸಮಾನ ವೇತನ ಕಾಯ್ದೆ ಹೇಳಿತು, 2019ರ ವೇತನ ಸಂಹಿತೆಯಲ್ಲೂ ಅದೇ ಇದೆ. ಮುಂದಿನ ಕೂಲಿ ಮಾತುಕತೆಯಲ್ಲಿ ಕುಕ್ಕೆ ಸಣ್ಣದಾಗಲಿ ಎಂದೂ ಕೇಳೋಣ. ಕುಕ್ಕೆ ಹೊರುವ ಸಹೋದರಿಯರೇ ಎದ್ದು ಮಾತಾಡಲಿ, ನಾವು ಪಕ್ಕದಲ್ಲಿ ಕೂರುತ್ತೇವೆ.