ಎಚ್‌ಐವಿ ಬ್ಯಾರೆ, ಏಡ್ಸ್ ಬ್ಯಾರೆ
(ರಜತ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಡಾಕ್ಟರ್ ಅಲ್ಲ, ಮೆಣಸಿನಕಾಯಿ ಬೆಳೆಯುವ ರೈತ. ಆದರೂ ಈ ವಿಷಯದ ಮೇಲೆ ನಾಲ್ಕು ಮಾತು ಹೇಳ್ರಿ ಅಂದಿದ್ದಾರೆ. ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಹಾವೇರಿ, ರಾಣೆಬೆನ್ನೂರಿನ ಹೆದ್ದಾರಿ ಕಡೆ ಮಂದಿ ಇದನ್ನು ಲಾರಿ ಡ್ರೈವರುಗಳ ಜಡ್ಡು ಅಂತ ಕರೆದು ತಾವು ಪಾರಾದೆವು ಅಂದುಕೊಂಡರು. ವೈರಸ್ಸು ಯಾರ ಕಸುಬನ್ನೂ ಕೇಳಿ ಬರೋದಿಲ್ಲ.

ಬ್ಯಾಡಗಿ ಮೆಣಸಿನ ಗಿಡಕ್ಕೆ ಮುಟುರು ರೋಗ ಬಂದರೆ ಎಲೆ ನೋಡಿದ ಕೂಡಲೇ ಗೊತ್ತಾಗತದ. ಎಚ್‌ಐವಿ ಹಾಗಲ್ಲ. ನಮ್ಮ ರಕ್ತದಾಗ ಸಿಡಿ4 ಅನ್ನುವ ಬಿಳಿ ಕಣ ಅದಾವ. ರೋಗಾಣು ಬಂತೆಂದರೆ ಉಳಿದ ಕಣಗಳನ್ನು ಎಬ್ಬಿಸಿ ಹೋರಾಟಕ್ಕೆ ಹಚ್ಚುವುದು ಇವುಗಳ ಕೆಲಸ. ಎಚ್‌ಐವಿ ಹಿಡಿಯುವುದು ಈ ಕಾವಲುಗಾರರನ್ನೇ. ಒಳಗೆ ಹೊಕ್ಕು ಅವುಗಳಿಂದಲೇ ತನ್ನ ಸಂತತಿ ಬೆಳೆಸಿಕೊಳ್ಳುತ್ತದೆ. ಹೊಲ ನಮ್ಮದು, ಕೂರಿಗೆ ನಮ್ಮದು, ಬೀಜ ಮಾತ್ರ ಅದರದು!

ಗಟ್ಟಿಮುಟ್ಟಾದ ಮನುಷ್ಯನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಈ ಕಣ 500ಕ್ಕೂ ಹೆಚ್ಚು ಇರುತ್ತವೆ. ಸೋಂಕಾದ ಮೇಲೆ ಔಷಧಿ ಇಲ್ಲದಿದ್ದರೆ ನಿಧಾನ ಇಳಿಯುತ್ತವೆ. ಎಂಟು ಹತ್ತು ವರ್ಷ ಮನುಷ್ಯ ರಂಟೆ ಹೊಡೀತಾನ, ಜಾತ್ರಿ ಮಾಡ್ತಾನ, ಮೈಮೇಲೆ ಗುರುತೇ ಇಲ್ಲ. 200ಕ್ಕಿಂತ ಕೆಳಗೆ ಬಂದಾಗ ಅದಕ್ಕೆ ಏಡ್ಸ್ ಅಂತಾರೆ. ಆಗ ಕ್ಷಯ, ಬಾಯಿಹುಣ್ಣು, ನಿಲ್ಲದ ಭೇದಿ ಒಂದರ ಹಿಂದೊಂದು ಬರ್ತಾವ. ಕ್ಷಯವಂತೂ ಅದಕ್ಕೂ ಮೊದಲೇ ಬರಬಹುದು.

ಆ ಎಂಟು ಹತ್ತು ವರ್ಷದಾಗ ರಕ್ತಪರೀಕ್ಷೆ ಮಾಡಿಸಿದವನಿಗೆ ಏಡ್ಸ್ ಬರದಂತೆ ತಡೆಯಬಹುದು. 2004ರ ಏಪ್ರಿಲ್ 1ರಿಂದ ಸರಕಾರ ಗುಳಿಗೆ ಪುಕ್ಕಟೆ ಕೊಡುತ್ತಿದೆ. 2017ರಿಂದ ಸಿಡಿ4 ಎಷ್ಟೇ ಇರಲಿ, ಸೋಂಕು ಗೊತ್ತಾದ ಕೂಡಲೇ ಶುರು ಮಾಡ್ತಾರೆ. ರೋಗ ಪೂರ್ತಿ ಹೋಗೋದಿಲ್ಲ, ಗುಳಿಗೆ ದಿನಾ ನುಂಗಬೇಕು, ಜೀವನಪೂರ್ತಿ. ಆದರೆ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ ಸಂಭೋಗದಿಂದ ತಗಲುವುದಿಲ್ಲ. ಬಸುರಿ ಹೆಣ್ಣುಮಗಳು ತಪ್ಪದೆ ತಗೊಂಡರೆ ಕೂಸಿಗೆ ತಗಲುವುದೂ ಬಹುಮಟ್ಟಿಗೆ ತಪ್ಪುತ್ತದೆ.

ಇನ್ನು ನಮ್ಮ ಸಂಘದ ಮಾತು. ಒಂದೇ ಬಸಿಯಲ್ಲಿ ಚಾ ಕುಡಿದರೆ, ಪಕ್ಕದಲ್ಲಿ ಕೂತರೆ ಇದು ಬರೋದಿಲ್ಲ. 2018ರ ಸೆಪ್ಟೆಂಬರ್ 10ರಿಂದ ಜಾರಿಯಾದ ಕಾಯ್ದೆ ಪ್ರಕಾರ, ಕೋರ್ಟಿನ ಆದೇಶ ಬಿಟ್ಟರೆ, ಸೋಂಕು ಐತೇನು ಅಂತ ಯಾರನ್ನೂ ಒತ್ತಾಯಿಸಿ ಹೇಳಿಸುವಂತಿಲ್ಲ. ಗುಳಿಗೆ ತಗೊಳ್ಳುವ ಸದಸ್ಯ ಬೆಳೆಸಾಲಕ್ಕೆ ಬಂದರೆ ಕಮಿಟಿ ಉತಾರ ನೋಡಲಿ, ಹಳೇ ಬಾಕಿ ನೋಡಲಿ. ಅವನು ಮುಂದಿನ ಸುಗ್ಗಿಗೂ ಬರ್ತಾನ, ಅದರ ಮುಂದಿನದಕ್ಕೂ ಬರ್ತಾನ.

ಜೈ ಸಹಕಾರ.