ಗುಳ್ಳೆ ಬಿಡದೆ ಮುಳುಗುವ ಮುನ್ನ

ನೇತ್ರಾಣಿಯಲ್ಲೋ ಮಾಲವಣದಲ್ಲೋ ಅಂಡಮಾನಿನಲ್ಲೋ ಸ್ಕೂಬಾ ಕಲಿತು ಕಾರ್ಡು ಪಡೆದವರು ನಿಮ್ಮಲ್ಲೂ ಇರಬಹುದು. ಅಂಥವರ ಕಣ್ಣು ಒಂದಲ್ಲ ಒಂದು ದಿನ ರಿಬ್ರೀದರ್ ಮೇಲೆ ಬೀಳುತ್ತದೆ. ಅದನ್ನು ಕಲಿಯುವ ಮೊದಲು ಎಷ್ಟು ಡೈವ್ ಆಗಿರಬೇಕು? ಇವತ್ತಿನ ಮಾತು ಅದೇ.

ಸಾಮಾನ್ಯ ಸ್ಕೂಬಾದಲ್ಲಿ ನಾವು ಬಿಟ್ಟ ಉಸಿರು ಗುಳ್ಳೆಯಾಗಿ ಮೇಲೆ ಹೋಗಿಬಿಡುತ್ತದೆ. ಅದರಲ್ಲಿ ಬಳಸದ ಆಮ್ಲಜನಕ ಬಹಳಷ್ಟು ಉಳಿದಿರುತ್ತದೆ. ರಿಬ್ರೀದರ್ ಆ ಉಸಿರನ್ನು ಚೀಲದಲ್ಲಿ ಹಿಡಿದು, ಸೋಡಾ ಲೈಮ್ ಹರಳುಗಳ ಮೂಲಕ ಹಾಯಿಸಿ ಕಾರ್ಬನ್ ಡೈಆಕ್ಸೈಡ್ ತೆಗೆದು, ಖರ್ಚಾದಷ್ಟು ಆಮ್ಲಜನಕ ಸೇರಿಸಿ ಮತ್ತೆ ಬಾಯಿಗೇ ಕೊಡುತ್ತದೆ. ಇದು ನಿನ್ನೆ ಮೊನ್ನೆಯದಲ್ಲ. ಇಂಗ್ಲೆಂಡಿನ ಹೆನ್ರಿ ಫ್ಲೂಸ್ 1878ರಲ್ಲೇ ಇಂಥದ್ದೊಂದನ್ನು ಮಾಡಿದ್ದ. ನೀರು ತುಂಬಿದ ಸೆವೆರ್ನ್ ರೈಲು ಸುರಂಗದೊಳಗೆ 1880ರಲ್ಲಿ ಮುಳುಗುಗಾರ ಅಲೆಕ್ಸಾಂಡರ್ ಲ್ಯಾಂಬರ್ಟ್ ಹೋದದ್ದು ಅದನ್ನು ಕಟ್ಟಿಕೊಂಡೇ.

ಸದ್ದಿಲ್ಲ, ಮೀನು ಬೆದರುವುದಿಲ್ಲ, ಗಂಟೆಗಟ್ಟಲೆ ಇರಬಹುದು. ಆದರೆ ಅಪಾಯವೂ ಸದ್ದಿಲ್ಲದೆಯೇ ಬರುತ್ತದೆ. ಸಿಲಿಂಡರಿನಲ್ಲಿ ಗಾಳಿ ನಿಂತರೆ ಆ ಕ್ಷಣವೇ ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ, ಉಸಿರಾಟ ಸಲೀಸಾಗಿ ನಡೆದೇ ಇರುತ್ತದೆ. ಆಮ್ಲಜನಕ ಕಡಿಮೆಯಾದರೆ ಸುಳಿವೇ ಇಲ್ಲದೆ ಎಚ್ಚರ ತಪ್ಪುತ್ತದೆ, ಹೆಚ್ಚಾದರೆ ಫಿಟ್ಸ್ ಬರುತ್ತದೆ. ಕಾರ್ಬನ್ ಡೈಆಕ್ಸೈಡ್ ಸೇರಿಕೊಂಡರಂತೂ ಏದುಸಿರು, ಗಾಬರಿ. ಆಸ್ಟ್ರೇಲಿಯಾದ ವೈದ್ಯ ಆಂಡ್ರ್ಯೂ ಫಾಕ್ 1998ರಿಂದ 2010ರವರೆಗಿನ ದಾಖಲೆ ನೋಡಿ 181 ಸಾವುಗಳನ್ನು ಪಟ್ಟಿಮಾಡಿದರು. ಸಾಮಾನ್ಯ ಸ್ಕೂಬಾಕ್ಕಿಂತ ಅಪಾಯ ಸುಮಾರು ಹತ್ತು ಪಟ್ಟು ಎಂಬುದು ಅವರ ಅಂದಾಜು.

ಹಾಗಾದರೆ ಹಳೆಯ ಅನುಭವ ಕಾಪಾಡುತ್ತದೆಯೇ? ಅರ್ಧ ಮಾತ್ರ. ಪಳಗಿದ ಡೈವರ್ ಹವಳದ ಬಂಡೆ ಎದುರಾದರೆ ಒಂದು ದೀರ್ಘ ಉಸಿರೆಳೆದು ಮೇಲೇರುತ್ತಾನೆ. ರಿಬ್ರೀದರಿನಲ್ಲಿ ಗಾಳಿ ಚೀಲದಿಂದ ಶ್ವಾಸಕೋಶಕ್ಕೆ ಜಾಗ ಬದಲಿಸುತ್ತದೆ ಅಷ್ಟೆ, ಆಸಾಮಿ ಮೇಲೇಳುವುದಿಲ್ಲ. ಐನೂರು ಡೈವ್ ಮಾಡಿದವನೂ ಮೊದಲ ವಾರ ಹೊಸಬನಂತೆ ಬಂಡೆಗೆ ತಾಗುತ್ತಾನೆ. ನೋಡಲು ತಮಾಷೆ, ಅವನಿಗೆ ಮಾತ್ರ ಅವಮಾನ!

ಕೆಲವೇ ಹತ್ತಾರು ಡೈವ್ ಆದವರನ್ನೂ ಸೇರಿಸಿಕೊಳ್ಳುವ ಕೋರ್ಸುಗಳುಂಟು. ನನ್ನನ್ನು ಕೇಳಿದರೆ ನೂರಾದರೂ ಆಗಿರಲಿ. ಅದೂ ಒಂದೇ ಕೊಲ್ಲಿಯಲ್ಲಲ್ಲ, ಸೆಳೆತದಲ್ಲಿ, ಕಲಕಿದ ನೀರಿನಲ್ಲಿ, ಈಚಿನ ಎರಡು ವರ್ಷಗಳೊಳಗೆ. ಆಮ್ಲಜನಕ ಹೆಚ್ಚಿಸಿದ ಗಾಳಿಯ, ಅಂದರೆ ನೈಟ್ರಾಕ್ಸಿನ ಲೆಕ್ಕಾಚಾರ ಬಾಯಿಪಾಠವಿರಲಿ. ಒಂದೇ ಆಳದಲ್ಲಿ ತೇಲುತ್ತ ಕೈಯಲ್ಲಿ ಬೇರೆ ಕೆಲಸ ಮಾಡಲು ಬರಬೇಕು. ಏಕೆಂದರೆ ಗಮನವೆಲ್ಲ ಮೀಟರಿನ ಮೇಲಿರಬೇಕಾದಾಗ ಮೈ ತಾನಾಗಿ ಸಂಭಾಳಿಸಿಕೊಳ್ಳಬೇಕು.

ಡೈವ್ ಸಂಖ್ಯೆಗಿಂತ ಸ್ವಭಾವ ದೊಡ್ಡದು. ನೀರಿಗಿಳಿಯುವ ಮುನ್ನ ಪಟ್ಟಿ ಹಿಡಿದು ಒಂದೊಂದೇ ಪರೀಕ್ಷಿಸಬೇಕು. ಒಂದು ಸೆನ್ಸರ್ ಅನುಮಾನ ಹುಟ್ಟಿಸಿದರೂ, ದುಡ್ಡು ಕೊಟ್ಟು ದೋಣಿ ಹತ್ತಿದ್ದರೂ, ಸುಮ್ಮನೆ ಕೂತು ವಾಪಸು ಬರುವವರು ಇದಕ್ಕೆ ತಕ್ಕವರು. 'ಚೆನ್ನಾಗಿಯೇ ಇದ್ದೇನಲ್ಲ' ಎನ್ನುವವರಿಗೆ ಇದು ಬೇಡ. ಕಲಿತ ಮೇಲೂ ಕೆಲವು ತಿಂಗಳು ಆಳಕ್ಕಿಳಿಯದೆ, ಬೇರೆಯೇ ಒಂದು ಗಾಳಿ ಸಿಲಿಂಡರನ್ನು ಜೊತೆಗಿಟ್ಟುಕೊಂಡು, ಯಂತ್ರ ಬಿಟ್ಟು ಅದಕ್ಕೆ ಬಾಯಿ ಬದಲಿಸುವುದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಬೇಕು.

ಇನ್ನು, ಮುಂಬಯಿಯಲ್ಲೋ ದಿಲ್ಲಿಯಲ್ಲೋ ವರ್ಷವಿಡೀ ಕಚೇರಿ, ಸಮುದ್ರಕ್ಕೆ ಒಂದು ವಾರದ ರಜೆ ಎನ್ನುವವರು ನೀವಾದರೆ ಈ ಕೈಚಳಕ ತುಕ್ಕು ಹಿಡಿಯುತ್ತದೆ. ನಿಮ್ಮ ಪುಸ್ತಕದಲ್ಲಿ ಇನ್ನೂರು ಡೈವ್ ಇದ್ದರೂ ಸಿಲಿಂಡರೇ ಸಾಕು.